ಕೈಕೆಲಸದ ಚಿನ್ನದ ಉಂಗುರಕ್ಕೆ ವಿಮೆ: ರಾಯಚೂರಿನಲ್ಲಿ ಯಾರು ಬರೆದುಕೊಟ್ಟ ಬೆಲೆ ನಿಲ್ಲುತ್ತದೆ?

ಸರಾಫ್ ಬಜಾರಿನ ಯಾವ ಅಂಗಡಿಯ ಮೆಟ್ಟಿಲು ಹತ್ತಿ ಉಂಗುರ ಮುಂದಿಟ್ಟರೂ ಎರಡೇ ನಿಮಿಷದಲ್ಲಿ ಒಂದು ಚೀಟಿ ಕೈಗೆ ಬರುತ್ತದೆ. ಅದರಲ್ಲಿ ತೂಕ, ಅಂದಿನ ದರ, ಎರಡನ್ನೂ ಗುಣಿಸಿದ ಮೊತ್ತ, ಕೆಳಗೊಂದು ಸಹಿ. ಉಂಗುರ ಮಾರಲು ಹೊರಟವರಿಗೆ ಅಷ್ಟು ಸಾಕು, ಅಡ ಇಡುವವರಿಗೂ ಹೆಚ್ಚು ಕಡಿಮೆ ಸಾಕು. ವಿಮೆಗೆ ಮಾತ್ರ ಸಾಲದು. ಉಂಗುರ ಕಳೆದುಹೋದ ದಿನ ವಿಮಾ ಕಂಪನಿಯ ಮುಂದೆ ಏಳುವ ಪ್ರಶ್ನೆ ಅದನ್ನು ಕರಗಿಸಿದ್ದರೆ ಎಷ್ಟು ಬರುತ್ತಿತ್ತು ಎಂಬುದಲ್ಲ, ಅಂಥದ್ದೇ ಇನ್ನೊಂದನ್ನು ಮಾಡಿಸಲು ಎಷ್ಟು ಬೇಕು ಎಂಬುದು. ಪತ್ತಾರರು, ಅಂದರೆ ಅಕ್ಕಸಾಲಿಗರು, ಕೈಯಿಂದ ಮಾಡಿದ ಉಂಗುರದಲ್ಲಿ ಈ ಎರಡು ಮೊತ್ತಗಳ ನಡುವಿನ ಅಂತರ ದೊಡ್ಡದು.

ರಾಯಚೂರಿನಂಥ ಊರಿನಲ್ಲಿ ಬೆಲೆ ಕಟ್ಟಿಸಲು ಜನ ಹೋಗುವ ಜಾಗಗಳು ನಾಲ್ಕು: ಪತ್ತಾರರ ಅಂಗಡಿ, ಯಂತ್ರದಲ್ಲಿ ಶುದ್ಧತೆ ನೋಡುವ ಟೆಸ್ಟಿಂಗ್ ಕೌಂಟರು, ಬ್ಯಾಂಕಿನ ಅಪ್ರೈಸರ್, ಸರ್ಕಾರದಲ್ಲಿ ನೋಂದಣಿ ಪಡೆದ ಆಭರಣ ಮೌಲ್ಯಮಾಪಕ. ಇವುಗಳ ಜೊತೆಗೆ, ಒಡವೆಗೆ ಶುದ್ಧತೆಯ ಗುರುತು ಹಾಕುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರವೂ ಸಾಮಾನ್ಯ ಗ್ರಾಹಕರ ಒಡವೆ ಪರೀಕ್ಷಿಸಿ ಕೊಡುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಈ ವಿಮರ್ಶೆ ಯಾವುದೇ ಒಂದು ಅಂಗಡಿಯದ್ದಲ್ಲ. ಈ ಐದು ಸೇವೆಗಳಲ್ಲಿ ಯಾವುದು ಯಾವ ಕೆಲಸಕ್ಕೆ ಯೋಗ್ಯ, ಎಲ್ಲಿ ಎಡವುತ್ತದೆ ಎಂಬುದರ ತೂಕ ಇದು.

ಬ್ಯಾಂಕಿನ ಅಪ್ರೈಸರ್ ಚೀಟಿಯನ್ನು ಮೊದಲೇ ಬದಿಗಿಡೋಣ. ಅಪ್ರೈಸರ್ ಕೆಲಸದಲ್ಲಿ ದೋಷವಿಲ್ಲ, ಆದರೆ ಆ ಕೆಲಸದ ಉದ್ದೇಶವೇ ಬೇರೆ. ಸಾಲ ತೀರದಿದ್ದರೆ ಒಡವೆ ಹರಾಜು ಹಾಕಿ ಹಣ ಎತ್ತಬಹುದೇ ಎಂಬುದಷ್ಟೇ ಬ್ಯಾಂಕಿಗೆ ಬೇಕು. ಹಾಗಾಗಿ ಅಲ್ಲಿ ಹರಳಿಗೆ ಬೆಲೆಯಿಲ್ಲ, ಮಜೂರಿಗೆ, ಅಂದರೆ ಮಾಡಿದ ಕೂಲಿಗೆ, ಬೆಲೆಯಿಲ್ಲ, ಟೊಳ್ಳಿನಲ್ಲಿ ತುಂಬಿದ ಅರಗು ಇದ್ದರೆ ಅಂದಾಜಿನಲ್ಲಿ ಕಳೆಯುತ್ತಾರೆ, ಅನುಮಾನ ಬಂದ ಕಡೆಯೆಲ್ಲ ಕೆಳಗಿನ ಅಂಕಿಯನ್ನೇ ಹಿಡಿಯುತ್ತಾರೆ. ಆ ಚೀಟಿಯನ್ನು ವಿಮೆಗೆ ಕೊಟ್ಟವರು ತಮ್ಮ ಉಂಗುರದ ಬೆಲೆಯನ್ನು ತಾವೇ ತಗ್ಗಿಸಿ ಬರೆಸಿಕೊಂಡಂತೆ.

ಶುದ್ಧತೆ: ಯಂತ್ರ ಹೇಳುವುದು, ಬೆಂಕಿ ಹೇಳುವುದು

ಟೆಸ್ಟಿಂಗ್ ಕೌಂಟರಿನಲ್ಲಿರುವುದು ಎಕ್ಸ್ ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ. ಉಂಗುರವನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಹಾಕಿದರೆ ಒಂದೆರಡು ನಿಮಿಷದಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಸತು, ಕ್ಯಾಡ್ಮಿಯಂ ಇಷ್ಟಿಷ್ಟು ಎಂದು ಮುದ್ರಿತ ಕಾಗದ ಬರುತ್ತದೆ. ಬೇಗ ಆಗುತ್ತದೆ, ಒಡವೆಗೆ ಗೀರು ಬೀಳುವುದಿಲ್ಲ. ಆದರೆ ಆ ಕಿರಣ ನೋಡುವುದು ಮೇಲ್ಮೈಯನ್ನು ಮಾತ್ರ, ಅದೂ ಒಂದು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ಆಳಕ್ಕೆ. ಕೈಕೆಲಸದ ಉಂಗುರದಲ್ಲಿ ಮೇಲ್ಮೈ ಎರಡು ಬಗೆಯಲ್ಲಿ ದಾರಿ ತಪ್ಪಿಸುತ್ತದೆ.

ಒಂದು, ಆಸಿಡ್ ತೊಳೆತ. ಪತ್ತಾರರು ಕೆಲಸ ಮುಗಿದ ಮೇಲೆ ಉಂಗುರವನ್ನು ಕಾಸಿ ಆಸಿಡ್ ನೀರಿಗೆ ಹಾಕುತ್ತಾರೆ. ಮೇಲ್ಪದರದ ತಾಮ್ರ ಕರಗಿ ಹೋಗಿ ಹಳದಿ ಬಣ್ಣ ಏರುತ್ತದೆ. ಒಳಗೆ ಸಾವಿರಕ್ಕೆ 900 ಪಾಲು ಚಿನ್ನ ಇರುವ ಉಂಗುರ ಯಂತ್ರದಲ್ಲಿ 920 ಎಂದು ಕಾಣುವುದು ಹೀಗೆ. ಇನ್ನೊಂದು, ಬೆಸುಗೆ. ಬೆಸುಗೆಯ ಲೋಹ ಉಂಗುರದ ಲೋಹಕ್ಕಿಂತ ಮೊದಲು ಕರಗಬೇಕು, ಇಲ್ಲವಾದರೆ ಉಂಗುರವೇ ಕರಗಿಹೋಗುತ್ತದೆ. ಅದಕ್ಕಾಗಿ ಬೆಸುಗೆಯಲ್ಲಿ ಚಿನ್ನದ ಅಂಶ ಕಡಿಮೆ ಇಡುತ್ತಾರೆ. ಅಚ್ಚಿನಲ್ಲಿ ಎರೆದ ಉಂಗುರದಲ್ಲಿ ಬೆಸುಗೆ ಇಲ್ಲವೇ ಇಲ್ಲ, ಇದ್ದರೂ ಒಂದೇ ಕಡೆ. ತಂತಿ ಹೊಸೆದು, ರವೆ (ಚಿನ್ನದ ಸಣ್ಣ ಕಾಳು) ಕೂರಿಸಿ, ಹರಳಿನ ಮನೆ ಕಟ್ಟಿದ ಉಂಗುರದಲ್ಲಿ ಹತ್ತಾರು ಬೆಸುಗೆ. ಕಿರಣ ಬೆಸುಗೆಯ ಮೇಲೆ ಬಿದ್ದರೆ 850, ಪಕ್ಕದಲ್ಲಿ ಬಿದ್ದರೆ 916 ಎಂದು ಬರಬಹುದು. ಎರಡೂ ಸುಳ್ಳಲ್ಲ, ಎರಡೂ ಇಡೀ ಉಂಗುರದ ಮಾತೂ ಅಲ್ಲ.

ಆದ್ದರಿಂದ ಒಂದೇ ಓದಿನ ಕಾಗದವನ್ನು ಒಪ್ಪಿಕೊಳ್ಳಬೇಡಿ. ಕನಿಷ್ಠ ಮೂರು ಕಡೆ ಇಡಿಸಿ: ಬೆರಳಿಗೆ ತಾಗುವ ಒಳಸುತ್ತು, ಮೇಲಿನ ಕೆಲಸದ ಭಾಗ, ಕೆಳಗೆ ಎರಡು ತುದಿ ಕೂಡಿದ ಜಾಗ. ಮೂರೂ ಓದುಗಳು ಕಾಗದದಲ್ಲಿ ಬೇರೆ ಬೇರೆಯಾಗಿ ಬರಲಿ. ಒಳಸುತ್ತು ದಿನವೂ ಬೆರಳಿಗೆ ಉಜ್ಜಿ ಮೇಲ್ಪದರ ಸವೆದಿರುವ ಜಾಗ, ಹಾಗಾಗಿ ಅಲ್ಲಿನ ಅಂಕಿ ಒಳಗಿನ ಲೋಹಕ್ಕೆ ಹೆಚ್ಚು ಹತ್ತಿರ. ಕ್ಯಾಡ್ಮಿಯಂ ಕಂಡರೆ ಉಂಗುರ ಕೆಡಿಎಂ, ಅಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಕಾಲದ್ದು. ಒಳಗೆ ಕೆಡಿಎಂ ಎಂದೋ 916 ಎಂದೋ ಬರೀ ಅಚ್ಚು ಒತ್ತಿದ್ದರೆ ಅದನ್ನು ಹಾಲ್‌ಮಾರ್ಕ್ ಎಂದುಕೊಳ್ಳಬೇಡಿ, ಅದು ಮಾಡಿದವರ ಮಾತು ಅಷ್ಟೇ. 2021ರ ಜುಲೈಯಿಂದ ಬಂದ ಹಾಲ್‌ಮಾರ್ಕಿನಲ್ಲಿ ಮೂರು ಗುರುತಿರುತ್ತವೆ: ಬಿಐಎಸ್ ತ್ರಿಕೋನ, 22ಕೆ916 ಎಂಬಂಥ ಶುದ್ಧತೆ, ಅಕ್ಷರ ಮತ್ತು ಅಂಕಿ ಕೂಡಿದ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾದ ಗುರುತಿನ ಸಂಖ್ಯೆ. ಈ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅದಕ್ಕೂ ಹಿಂದಿನ ಉಂಗುರದಲ್ಲಿ ಎಚ್‌ಯುಐಡಿ ಬದಲು ಪರೀಕ್ಷಾ ಕೇಂದ್ರದ್ದೊಂದು, ಅಂಗಡಿಯದ್ದೊಂದು ಗುರುತು ಇರುತ್ತವೆ. ಅವೂ ಸರಿಯಾದವೇ.

ಕೈಕೆಲಸದ ಬಹುಪಾಲು ಉಂಗುರಗಳಲ್ಲಿ ಇವು ಯಾವುವೂ ಇರುವುದಿಲ್ಲ. ಅದರಿಂದಲೇ ಉಂಗುರ ಕಳಪೆ ಎಂದು ತಿಳಿಯಬೇಕಿಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನವರಿಗೆ ಹಾಲ್‌ಮಾರ್ಕ್ ಕಡ್ಡಾಯದಿಂದ ವಿನಾಯಿತಿ ಇದೆ, 2 ಗ್ರಾಂ ಒಳಗಿನ ಒಡವೆಗಳಿಗೂ ಇದೆ. ಹಳೆಯ ಚಿನ್ನ ಕೊಟ್ಟು ಪತ್ತಾರರ ಕೈಯಲ್ಲಿ ಮಾಡಿಸಿಕೊಂಡದ್ದಕ್ಕೆ ಗುರುತು ಹಾಕಿಸುವ ರೂಢಿಯೇ ನಮ್ಮಲ್ಲಿಲ್ಲ. ಬೆರಳಿನ ಅಳತೆಗೆ ಉಂಗುರ ಕತ್ತರಿಸಿ ಹಿಗ್ಗಿಸಿದಾಗ ಇದ್ದ ಗುರುತೂ ಅಳಿಸಿಹೋಗಿರುವುದುಂಟು.

ಇಂಥ ಉಂಗುರಕ್ಕೆ ಬಿಐಎಸ್ ಮಾನ್ಯತೆಯ ಕೇಂದ್ರವೇ ಸರಿಯಾದ ಜಾಗ. ಗುರುತಿಲ್ಲದ ಒಡವೆಯನ್ನು ಗ್ರಾಹಕರು ನೇರವಾಗಿ ಅಲ್ಲಿಗೆ ಒಯ್ಯಬಹುದು. 4 ಒಡವೆಗಳವರೆಗೆ ನಿಗದಿ ಶುಲ್ಕ 200 ರೂಪಾಯಿ, 5 ಅಥವಾ ಹೆಚ್ಚಾದರೆ ಒಂದಕ್ಕೆ 45 ರೂಪಾಯಿಯಂತೆ. ಒಂದು ಉಂಗುರಕ್ಕೂ ನಾಲ್ಕಕ್ಕೂ ಶುಲ್ಕ ಒಂದೇ ಆದ್ದರಿಂದ, ಮನೆಯ ಇನ್ನೆರಡು ಗುರುತಿಲ್ಲದ ಒಡವೆಗಳನ್ನೂ ಜೊತೆಗೆ ಒಯ್ಯುವುದು ಲಾಭ. ಮಾನ್ಯತೆ ಚಾಲ್ತಿಯಲ್ಲಿರುವ ಕೇಂದ್ರಗಳ ಪಟ್ಟಿ ಬಿಐಎಸ್ ಜಾಲತಾಣದಲ್ಲಿದೆ. ಹೊರಡುವ ಮುನ್ನ ಅದನ್ನು ನೋಡಿ. ಅಂಗಡಿಯ ಬೋರ್ಡಿನ ಮೇಲೆ ಹಾಲ್‌ಮಾರ್ಕ್ ಚಿತ್ರ ಇದ್ದ ಮಾತ್ರಕ್ಕೆ ಅದು ಪರೀಕ್ಷಾ ಕೇಂದ್ರವಲ್ಲ.

ಕೊನೆಯ ತೀರ್ಪು ಬೇಕಾದರೆ ಬೆಂಕಿ ಪರೀಕ್ಷೆ. ಉಂಗುರದಿಂದ ಕೆರೆದು ತೆಗೆದ ಸ್ವಲ್ಪ ಚಿನ್ನವನ್ನು ತೂಗಿ, ಬೆಳ್ಳಿ ಕೂಡಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಬಿಳಿಯ ಪುಟ್ಟ ಬಟ್ಟಲಿನಲ್ಲಿಟ್ಟು ಸಾವಿರ ಡಿಗ್ರಿ ದಾಟಿದ ಕುಲುಮೆಗೆ ಹಾಕುತ್ತಾರೆ. ಸೀಸ ಕರಗಿ ತಾಮ್ರವನ್ನೂ ಸತುವನ್ನೂ ತನ್ನ ಜೊತೆ ಎಳೆದುಕೊಂಡು ಬಟ್ಟಲಿನ ಮೈಯೊಳಗೆ ಇಂಗುತ್ತದೆ. ತಳದಲ್ಲಿ ಸಾಸಿವೆ ಕಾಳಿನಂಥ ಒಂದು ಮಣಿ ಉಳಿಯುತ್ತದೆ. ಅದನ್ನು ಬಡಿದು ಪಟ್ಟಿ ಮಾಡಿ ಸುರುಳಿ ಸುತ್ತಿ ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಹೋಗಿ, ಮಣ್ಣಿನ ಬಣ್ಣದ ಶುದ್ಧ ಚಿನ್ನದ ಸುರುಳಿ ಮಾತ್ರ ಉಳಿಯುತ್ತದೆ. ಮೊದಲ ತೂಕಕ್ಕೂ ಈ ತೂಕಕ್ಕೂ ಇರುವ ಅನುಪಾತವೇ ಶುದ್ಧತೆ. ಸಾವಿರಕ್ಕೆ ಒಂದಂಶದ ವ್ಯತ್ಯಾಸವನ್ನೂ ಹಿಡಿಯುವ ಪರೀಕ್ಷೆ ಇದು. ಆದರೆ ಕೆರೆಯುವುದು ಅನಿವಾರ್ಯ. ಎಲ್ಲಿ, ಎಷ್ಟು ಮಿಲಿಗ್ರಾಂ ಕೆರೆಯುತ್ತೀರಿ ಎಂದು ಮೊದಲೇ ಕೇಳಿ, ಒಳಸುತ್ತಿನಲ್ಲಿ ಮಾತ್ರ ಒಪ್ಪಿಕೊಳ್ಳಿ. ಸಣ್ಣ ರವೆ ಕೆಲಸದ ತೆಳುವಾದ ಉಂಗುರಕ್ಕೆ ಇದು ಬೇಡವೇ ಬೇಡ, ಮೂರು ಓದಿನ ಎಕ್ಸ್‌ಆರ್‌ಎಫ್ ವರದಿ ಸಾಕು.

ಒರೆಗಲ್ಲನ್ನು ಹಗುರವಾಗಿ ಕಾಣುವಂತಿಲ್ಲ. ಪಳಗಿದ ಪತ್ತಾರರು ಕಲ್ಲಿನ ಮೇಲೆ ಉಂಗುರದ ಗೆರೆ ಎಳೆದು, ಪಕ್ಕದಲ್ಲಿ ಗೊತ್ತಿರುವ ಶುದ್ಧತೆಯ ಕಡ್ಡಿಯ ಗೆರೆ ಎಳೆದು, ಆಸಿಡ್ ಹನಿ ಬಿಟ್ಟು ನೋಡಿದರೆ ನೂರಕ್ಕೆ ಒಂದೆರಡು ಅಂಶದ ಅಂತರದಲ್ಲಿ ಹೇಳುತ್ತಾರೆ. ಮೋಸ ಹಿಡಿಯಲು ಅಷ್ಟು ಸಾಕು, ವಿಮೆಯ ಕಾಗದಕ್ಕೆ ಸಾಲದು.

ಹಟ್ಟಿ ಗಣಿ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ‘ಇದು ಹಟ್ಟಿ ಬಂಗಾರ’ ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಚಿನ್ನ ಎಲ್ಲಿಂದ ಬಂತು ಎಂಬುದಕ್ಕೆ ವಿಮೆಯಲ್ಲಿ ಒಂದು ಪೈಸೆಯ ಬೆಲೆಯೂ ಇಲ್ಲ. ಕರಗಿಸಿ ಬೆರಕೆ ಹಾಕಿದ ಮೇಲೆ ಉಳಿಯುವುದು ಶುದ್ಧತೆ ಮತ್ತು ತೂಕ ಮಾತ್ರ.

ತೂಕ

ಉಂಗುರದ ಸಂದಿಯಲ್ಲಿ ಸೋಪು, ಎಣ್ಣೆ, ಬೇಸಿಗೆಯ ಧೂಳು ಕೂತಿರುತ್ತವೆ. ತೂಗಿಸುವ ಮುನ್ನ ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ, ಮಕ್ಕಳ ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ಹರಳಿನ ಹಿಂಭಾಗ ಮುಚ್ಚಿದ್ದರೆ ನೀರಿನಲ್ಲಿ ಮುಳುಗಿಸಬೇಡಿ. ಒಳಗೆ ಹೊಳಪಿಗಾಗಿ ಇಟ್ಟ ತಗಡಿನ ಹಾಳೆಗೆ ನೀರು ತಾಗಿದರೆ ಹರಳು ಕಪ್ಪಾಗುತ್ತದೆ, ಆಮೇಲೆ ಬಿಚ್ಚಿಸದೆ ಸರಿಯಾಗದು. ಅರಗು ತುಂಬಿದ ಉಂಗುರವನ್ನು ಅಂಗಡಿಯ ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಲು ಬಿಡಬೇಡಿ.

ತೂಕದ ಕಾಟಾ ಮಿಲಿಗ್ರಾಂವರೆಗೆ, ಅಂದರೆ ಚುಕ್ಕೆಯ ನಂತರ ಮೂರು ಅಂಕಿ ತೋರಿಸುವಂಥದ್ದಿರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಚಾಲ್ತಿಯಲ್ಲಿದೆಯೇ ನೋಡಿ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ: 8.418, 8.423, 8.420. ಗಾಜಿನ ಮುಚ್ಚಳ ಹಾಕಿಸಿ, ಇಲ್ಲವೇ ಅರೆನಿಮಿಷ ಫ್ಯಾನ್ ಆರಿಸಿರೆಂದು ಕೇಳಿ. ಮೊದಲು ಖಾಲಿ ತಟ್ಟೆ ಸೊನ್ನೆ ತೋರಿಸಲಿ, ಉಂಗುರ ಎತ್ತಿದ ಮೇಲೂ ಸೊನ್ನೆಗೆ ಮರಳಲಿ. ಮರಳದಿದ್ದರೆ ಆ ತೂಕ ಲೆಕ್ಕಕ್ಕಿಲ್ಲ.

ಹಳೆಯ ಚೀಟಿಯಲ್ಲಿರುವ ತೂಕವನ್ನು ಹಾಗೇ ಎತ್ತಿ ಬರೆಸಬೇಡಿ. ದಿನವೂ ತೊಟ್ಟ ಉಂಗುರ ಸವೆದಿರುತ್ತದೆ. ಚೀಟಿಯ ಮಾನವೂ ಗೊಂದಲದ್ದು: ಲೆಕ್ಕದ ತೊಲೆ 11.664 ಗ್ರಾಂ, ಪೇಟೆಯ ಇಂದಿನ ಬಾಯಿಮಾತಿನಲ್ಲಿ ತೊಲೆ ಎಂದರೆ 10 ಗ್ರಾಂ. ತೊಲೆಗೆ 12 ಮಾಷ, ಮಾಷಕ್ಕೆ 8 ಗುಂಜಿ ಎಂಬ ಲೆಕ್ಕದಲ್ಲಿ ಒಂದು ಗುಂಜಿ 0.12 ಗ್ರಾಂನ ಆಸುಪಾಸು. ಅಜ್ಜನ ಕಾಲದ ಚೀಟಿಯನ್ನು ಗ್ರಾಂಗೆ ತಿರುಗಿಸುವಾಗ ಯಾವ ತೊಲೆ ಎಂದು ನೋಡದಿದ್ದರೆ ಆರರಲ್ಲೊಂದು ಪಾಲು ಹೆಚ್ಚು ಕಡಿಮೆಯಾಗುತ್ತದೆ. ಆ ಚೀಟಿಯನ್ನು ಎಸೆಯಬೇಡಿ, ಉಂಗುರ ನಿಮ್ಮದೆಂಬುದಕ್ಕೆ ಅದೂ ಒಂದು ಸಾಕ್ಷಿ.

ಹರಳಿಲ್ಲದ ಉಂಗುರ ಗಟ್ಟಿಯೋ ಟೊಳ್ಳೋ ಎಂದು ತಿಳಿಯಲು ನೀರಿನ ತೂಕ ಒಳ್ಳೆಯ ಪರೀಕ್ಷೆ. ಗಾಳಿಯಲ್ಲಿ 8.000 ಗ್ರಾಂ ಇದ್ದದ್ದು ದಾರದಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟಾಗ 7.550 ತೂಗಿದರೆ, 8.000ವನ್ನು 0.450ರಿಂದ ಭಾಗಿಸಿ. 17.8 ಬರುತ್ತದೆ, 22 ಕ್ಯಾರೆಟ್ ಚಿನ್ನದ ಸಾಂದ್ರತೆ ಇದೇ ಸುಮಾರಿಗೆ ಇರುತ್ತದೆ. 18 ಕ್ಯಾರೆಟ್ಟಿಗೆ 15.5ರ ಆಸುಪಾಸು. ಯಂತ್ರ 916 ಎಂದು ತೋರಿಸಿ ಸಾಂದ್ರತೆ 12ಕ್ಕೆ ಇಳಿದರೆ ಒಳಗೆ ಅರಗೋ ಗಾಳಿಯೋ ಇದೆ ಎಂದರ್ಥ. ಎಕ್ಸ್‌ಆರ್‌ಎಫ್ ಇದನ್ನು ಎಂದೂ ಹೇಳುವುದಿಲ್ಲ. ಟೆಸ್ಟಿಂಗ್ ಕೌಂಟರುಗಳಲ್ಲಿ ಈ ಪರೀಕ್ಷೆಯನ್ನು ಕೇಳಿದವರಿಗೆ ಮಾತ್ರ ಮಾಡುತ್ತಾರೆ, ಹಾಗಾಗಿ ಕೇಳಿ.

ಹರಳಿರುವ ಉಂಗುರದಲ್ಲಿ ಹರಳಿನ ತೂಕ ಕಳೆಯಬೇಕು. ಬಿಚ್ಚಿಸುವುದು ಬೇಡ, ಹರಳನ್ನು ಹಿಡಿದ ಹಳೆಯ ಕೊಂಡಿಗಳು ಒಂದು ಸಲ ಬಾಗಿದರೆ ಮುರಿಯುತ್ತವೆ. ದುಂಡು ಮಾಣಿಕ್ಯವಾದರೆ ವ್ಯಾಸವನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, 0.0072ರಿಂದ ಗುಣಿಸಿದರೆ ಹರಳಿನ ತೂಕ ಸರಿಸುಮಾರು ಕ್ಯಾರೆಟ್‌ನಲ್ಲಿ ಬರುತ್ತದೆ (ಚಿನ್ನದ ಶುದ್ಧತೆಯ ಕ್ಯಾರೆಟ್ ಬೇರೆ). 5 ಮಿ.ಮೀ. ವ್ಯಾಸ, 3 ಮಿ.ಮೀ. ಆಳ ಇದ್ದರೆ 0.54 ಕ್ಯಾರೆಟ್, ಕ್ಯಾರೆಟ್ಟಿಗೆ 0.2 ಗ್ರಾಂನಂತೆ 0.108 ಗ್ರಾಂ. ವಜ್ರವಾದರೆ ಕೊನೆಯ ಅಂಕಿ 0.0061.

ಹರಳಿನ ಹೆಸರಿನಲ್ಲಿ ವರದಿಗಳು ಹೆಚ್ಚು ಸಡಿಲ. ‘ಕೆಂಪು ಹರಳು 1’ ಎಂದಷ್ಟೇ ಬರೆದರೆ ಅದು ಗಾಜೋ ಮಾಣಿಕ್ಯವೋ ಎಂದು ಕ್ಲೇಮಿನ ದಿನ ಯಾರು ಹೇಳಬೇಕು? ಹಳೆಯ ಉಂಗುರ ಎಂದ ಮಾತ್ರಕ್ಕೆ ಹರಳು ನೈಸರ್ಗಿಕವೆಂದು ತಿಳಿಯುವುದೂ ತಪ್ಪು. ಕುಲುಮೆಯಲ್ಲಿ ತಯಾರಿಸಿದ ಮಾಣಿಕ್ಯ ಇಪ್ಪತ್ತನೇ ಶತಮಾನದ ಆರಂಭದಿಂದಲೇ ಪೇಟೆಯಲ್ಲಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ಅದರೊಳಗೆ ಬಾಗಿದ ಗೆರೆಗಳು ಕಾಣುವುದುಂಟು, ನೈಸರ್ಗಿಕ ಹರಳಿನ ಗೆರೆಗಳು ನೇರ. ಹರಳಿಗೆ ದೊಡ್ಡ ಬೆಲೆ ಹಾಕಿಸುವುದಾದರೆ ಹೈದರಾಬಾದಿನದೋ ಬೆಂಗಳೂರಿನದೋ ರತ್ನ ಪ್ರಯೋಗಾಲಯದ ವರದಿ ತರಿಸಲೇಬೇಕು. ಹತ್ತು ಸಾವಿರ ದಾಟದ ಹರಳಿಗೆ ಆ ಓಡಾಟ ಬೇಡ, ಬಣ್ಣ, ಆಕಾರ, ಅಳತೆ, ‘ಪ್ರಯೋಗಾಲಯದಲ್ಲಿ ಪರೀಕ್ಷಿಸಿಲ್ಲ’ ಎಂಬ ಒಂದು ಸಾಲು ಪ್ರಾಮಾಣಿಕವಾಗಿ ಬರೆಸಿದರೆ ಸಾಕು.

ಮಜೂರಿಯ ಲೆಕ್ಕ ಪತ್ತಾರರದ್ದೇ

ಶುದ್ಧತೆಯಲ್ಲಿ ಯಂತ್ರ ಗೆದ್ದರೂ ಮಜೂರಿಯ ವಿಷಯದಲ್ಲಿ ಪತ್ತಾರರನ್ನು ಬಿಟ್ಟರೆ ಬೇರೆ ಗತಿಯಿಲ್ಲ. ದೊಡ್ಡ ಶೋರೂಮಿನವರು ಬೆಲೆ ಹೇಳುವುದು ತಮ್ಮಲ್ಲಿರುವ ಅಚ್ಚಿನ ಉಂಗುರದ ಮಜೂರಿ ಹಿಡಿದು. ಒಂದೇ ಅಚ್ಚಿನಲ್ಲಿ ನೂರು ಉಂಗುರ ಎರೆಯುವ ಖರ್ಚಿಗೂ, ತಂತಿ ಎಳೆದು ಹೊಸೆದು ಒಂದೊಂದೇ ರವೆ ಕೂರಿಸುವ ಖರ್ಚಿಗೂ ಹೋಲಿಕೆಯಿಲ್ಲ.

ಮೊದಲು ಉಂಗುರ ನಿಜಕ್ಕೂ ಕೈಕೆಲಸದ್ದೇ ಎಂಬುದು ಕಾಗದದಲ್ಲಿ ಬರಬೇಕು. ಲೂಪಿನಲ್ಲಿ ನೋಡಿದರೆ ಕೆಳಗೆ ಎರಡು ತುದಿ ಕೂಡಿದ ಗೆರೆ, ಒಂದಕ್ಕೊಂದು ಸರಿಸಮನಾಗದ ರವೆಗಳು, ಉಳಿ ಹಾದ ಗುರುತು ಕಾಣುತ್ತವೆ. ಅಚ್ಚಿನದ್ದರಲ್ಲಿ ಸೂಜಿಮೊನೆಯಂಥ ರಂಧ್ರಗಳು, ಎಲ್ಲ ಕಡೆ ಒಂದೇ ತೆರನಾದ ಅಂಚು.

ಅಂಗಡಿಯಲ್ಲಿ ಕೇಳುವ ಮಾತೇ ಫಲವನ್ನು ಬದಲಿಸುತ್ತದೆ. ‘ಇದರ ಬೆಲಿ ಎಷ್ಟ ಆಗ್ತದ್ರಿ?’ ಎಂದರೆ ಕೊಳ್ಳುವ ಬೆಲೆ ಬರುತ್ತದೆ. ಬದಲಿಗೆ ಹೀಗೆ ಕೇಳಿ: ‘ಪತ್ತಾರ್ರೀ, ಈ ಉಂಗುರ ಕಳದ್ರ ಹಿಂಗ ಇನ್ನೊಂದು ಮಾಡಾಕ ಎಷ್ಟ ಬಂಗಾರ ಬೇಕು, ಎಷ್ಟ ದಿನದ ಕೆಲಸ, ಮಜೂರಿ ಎಷ್ಟು, ಬ್ಯಾರೆ ಬ್ಯಾರೆ ಬರದು ಕೊಡ್ರಿ.’ ನಾಲ್ಕೂ ಬೇರೆ ಸಾಲಿನಲ್ಲಿ ಬರಲಿ: ಚಿನ್ನ, ವೇಸ್ಟೇಜ್ (ಕೆಲಸದಲ್ಲಿ ಕಳೆದುಹೋಗುವ ಚಿನ್ನ), ಮಜೂರಿ, ಹರಳು ಕೂರಿಸುವ ಕೂಲಿ. ಇಬ್ಬರು ಪತ್ತಾರರಿಂದ ಬರೆಸಿಕೊಂಡರೆ ಇನ್ನೂ ಒಳಿತು. ಇಬ್ಬರ ಮಜೂರಿಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಬಂದರೆ ಒಬ್ಬರು ಕೆಲಸವನ್ನು ಸರಿಯಾಗಿ ನೋಡಿಲ್ಲ ಎಂದೇ ಅರ್ಥ, ಲೂಪು ಕೊಟ್ಟು ಮತ್ತೊಮ್ಮೆ ತೋರಿಸಿ. ಈ ಅಂದಾಜಿಗೆ ಪತ್ತಾರರು ಹಣ ಕೇಳದಿದ್ದರೂ ಅವರ ಅರ್ಧ ಗಂಟೆಗೆ ಕೂಲಿ ಕೊಡುವುದು ನ್ಯಾಯ. ಹಣ ಕೊಟ್ಟಾಗ ಕಾಗದವೂ ನೆಟ್ಟಗೆ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಲೆಕ್ಕ ಸುಲಭವಾಗಲೆಂದು ಶುದ್ಧ ಚಿನ್ನಕ್ಕೆ ಗ್ರಾಂಗೆ 10,000 ರೂಪಾಯಿ ಹಿಡಿಯುತ್ತೇವೆ, ನೀವು ಅಂದಿನ ದರ ಹಾಕಿಕೊಳ್ಳಿ. ಮಜೂರಿ, ವೇಸ್ಟೇಜ್, ಹರಳಿನ ಬೆಲೆಗಳೂ ಉದಾಹರಣೆಯವು. ಉಂಗುರದ ಒಟ್ಟು ತೂಕ 8.420 ಗ್ರಾಂ, ಮಾಣಿಕ್ಯ 0.108, ನಿವ್ವಳ 8.312. ಪರೀಕ್ಷೆಯಲ್ಲಿ ಶುದ್ಧತೆ 910. ಹಾಗಾದರೆ ಶುದ್ಧ ಚಿನ್ನ 7.564 ಗ್ರಾಂ, ಬೆಲೆ 75,640. ವೇಸ್ಟೇಜ್ ನೂರಕ್ಕೆ 10ರಂತೆ 7,564. ಮಜೂರಿ ಗ್ರಾಂಗೆ 1,000ದಂತೆ 8,312. ಹರಳು, ಕೂರಿಸುವ ಕೂಲಿ ಸೇರಿ 6,000. ಒಟ್ಟು 97,516. ಶೇಕಡಾ 3ರ ಜಿಎಸ್‌ಟಿ 2,925. ಮತ್ತೆ ಮಾಡಿಸಲು ಬೇಕಾದದ್ದು 1,00,441 ರೂಪಾಯಿ.

ಇದೇ ಉಂಗುರಕ್ಕೆ ಎರಡು ನಿಮಿಷದ ಚೀಟಿ ಏನು ಹೇಳುತ್ತದೆ? ಹರಳನ್ನೂ ಚಿನ್ನದ ತೂಕಕ್ಕೆ ಸೇರಿಸಿ 8.420 ಗ್ರಾಂ, 22 ಕ್ಯಾರೆಟ್ ದರ 9,160, ಗುಣಿಸಿದರೆ 77,127. ಮಾರಲು ಹೋದವರಿಗೆ ಅಷ್ಟು ಸಿಗದು, ಮಾಡಿಸಲು ಹೋದವರಿಗೆ ಅದು ಸಾಲದು. ಯಾರ ಬೆಲೆಯೂ ಅಲ್ಲದ ಆ ಅಂಕಿಯನ್ನೇ ವಿಮೆಯ ಅರ್ಜಿಯಲ್ಲಿ ಬರೆಯುವವರು ಬಹಳ.

ಮೌಲ್ಯಮಾಪಕರ ವರದಿ

ಮೇಲಿನದೆಲ್ಲ ಕೈಯಲ್ಲಿದ್ದರೂ ವಿಮಾ ಕಂಪನಿ ಕೇಳುವ ಸಹಿ ನೋಂದಾಯಿತ ಮೌಲ್ಯಮಾಪಕರದ್ದು. ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ಕಲಮಿನಡಿ ಆಭರಣದ ವಿಭಾಗದಲ್ಲಿ ನೋಂದಣಿ ಪಡೆದವರು ಇವರು. ಆ ತೆರಿಗೆ 2015ರಲ್ಲಿ ರದ್ದಾದರೂ ಪೇಟೆಯಲ್ಲಿ ಸರ್ಕಾರಿ ಅನುಮೋದಿತ ಮೌಲ್ಯಮಾಪಕ ಎಂದರೆ ಈ ನೋಂದಣಿಯೇ. ಕಟ್ಟಡಕ್ಕೂ ಜಮೀನಿಗೂ ನೋಂದಣಿ ಬೇರೆ, ಹಾಗಾಗಿ ಸಂಖ್ಯೆಯ ಜೊತೆಗೆ ವಿಭಾಗವನ್ನೂ ಕೇಳಿ. ಶುಲ್ಕ ಬೆಲೆಯ ಶೇಕಡಾವಾರಿನಲ್ಲಿದ್ದರೆ ಬೆಲೆ ಏರಿಸುವ ಆಸೆಗೆ ದಾರಿಯಾಗುತ್ತದೆ, ಒಂದು ವರದಿಗೆ ಇಷ್ಟು ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು ಮೇಲು. ಉಂಗುರವನ್ನು ತಾವೇ ಕೊಳ್ಳುತ್ತೇವೆ ಎನ್ನುವವರಿಂದ ಬೆಲೆ ಕಟ್ಟಿಸಬೇಡಿ.

ಈ ಸೇವೆಯ ಮೇಲೆ ನಮ್ಮ ದೊಡ್ಡ ತಕರಾರು ಎಂದರೆ ವರ್ಣನೆಯ ಬಡತನ. ‘ಚಿನ್ನದ ಉಂಗುರ 1, 22 ಕ್ಯಾರೆಟ್, 8.420 ಗ್ರಾಂ’ ಎಂಬ ಒಂದೇ ಸಾಲಿನ ವರದಿಗೆ ಸೀಲು ಹೊಡೆದು ಕೊಡುವುದು ಸಾಮಾನ್ಯ. ಆ ಸಾಲಿಗೆ ಹೊಂದುವ ಉಂಗುರ ರಾಯಚೂರಿನ ತೀನ್ ಕಂದೀಲ್ ಸುತ್ತ ನೂರಾರು ಸಿಗುತ್ತವೆ. ವರದಿ ಓದಿದ ಇನ್ನೊಬ್ಬ ಪತ್ತಾರರು ಉಂಗುರವನ್ನು ನೋಡದೆಯೇ ಅಂಥದ್ದೇ ಮಾಡುವಂತಿರಬೇಕು. ಅದಕ್ಕೆ ಒಳವ್ಯಾಸ ಮಿಲಿಮೀಟರಿನಲ್ಲಿ, ಪಟ್ಟಿಯ ಅಗಲ ಮತ್ತು ದಪ್ಪ, ಮೇಲ್ಭಾಗದ ಉದ್ದಗಲ, ತಂತಿ ಕೆಲಸವೋ ರವೆಯೋ ಕೆತ್ತನೆಯೋ ಎಂಬುದು, ಹರಳಿನ ಮನೆ ಮುಚ್ಚಿದ್ದೋ ತೆರೆದದ್ದೋ, ಒಳಗೆ ಕೊರೆದ ಅಕ್ಷರ, ಸವೆದ ಜಾಗ, ಹಿಂದೆ ಹಿಗ್ಗಿಸಿದ ಗುರುತು ಎಲ್ಲವೂ ಬರಬೇಕು. ಮೇಲಿನಿಂದ, ಎರಡು ಪಕ್ಕದಿಂದ, ಒಳಗಿನಿಂದ ನಾಲ್ಕು ಫೋಟೊ, ಒಂದರಲ್ಲಾದರೂ ಪಕ್ಕಕ್ಕೆ ಸ್ಕೇಲ್. ಶುದ್ಧತೆ ಯಾವ ಪರೀಕ್ಷೆಯಿಂದ ಬಂತು, ದರ ಯಾವ ದಿನದ್ದು, ಎಲ್ಲಿಯದು ಎಂಬುದು ಇರಲಿ. ಎಲ್ಲಕ್ಕೂ ಮುಖ್ಯವಾಗಿ ‘ವಿಮೆಯ ಉದ್ದೇಶಕ್ಕೆ, ಇಂಥದ್ದೇ ಉಂಗುರ ಮತ್ತೆ ಮಾಡಿಸುವ ವೆಚ್ಚದ ಆಧಾರದಲ್ಲಿ’ ಎಂಬ ಮಾತು ಅಕ್ಷರಶಃ ಇರಬೇಕು. ಆ ಮಾತಿಲ್ಲದಿದ್ದರೆ ವರದಿಯನ್ನು ಮಾರಾಟದ ಬೆಲೆ ಎಂದು ಓದುವ ಹಕ್ಕು ಎದುರಿನವರಿಗೆ ಸಿಗುತ್ತದೆ. ಬಿಐಎಸ್ ಕೇಂದ್ರದ ವರದಿ ಮತ್ತು ಪತ್ತಾರರ ಅಂದಾಜನ್ನು ಜೊತೆಗೆ ಒಯ್ದರೆ ಮೌಲ್ಯಮಾಪಕರೂ ಅವನ್ನು ಲಗತ್ತಿಸಿ ಬರೆಯುತ್ತಾರೆ. ಬರಿಗೈಯಲ್ಲಿ ಹೋದಾಗ ಬರುವುದೇ ಆ ಒಂದು ಸಾಲಿನ ವರದಿ.

ವಿಮೆಯ ಕಡೆಯ ಗಂಟುಗಳು

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆ ಸಾಮಾನಿನ ರಕ್ಷಣೆ ಇದೆ, ಆದರೆ ಚಿನ್ನ ಅದರೊಳಗೆ ತಾನಾಗಿ ಸೇರುವುದಿಲ್ಲ. ಬೆಲೆಬಾಳುವ ವಸ್ತುಗಳ ಐಚ್ಛಿಕ ರಕ್ಷಣೆಯನ್ನು ಬೇರೆ ಕೇಳಿ ಪಡೆಯಬೇಕು. ಅದು ಒಪ್ಪಿದ ಬೆಲೆಯ ಮೇಲೆ ನಿಂತದ್ದು, ಅಂದರೆ ವರದಿ ನೋಡಿ ಮೊದಲೇ ಇಬ್ಬರೂ ಒಪ್ಪಿದ ಮೊತ್ತ. ಒಟ್ಟು 5 ಲಕ್ಷದೊಳಗಿದ್ದು ಯಾವ ಒಂದು ವಸ್ತುವೂ 1 ಲಕ್ಷ ದಾಟದಿದ್ದರೆ ಮೌಲ್ಯಮಾಪನ ಪತ್ರಕ್ಕೆ ವಿನಾಯಿತಿ ಇದೆ. ನಮ್ಮ ಲೆಕ್ಕದ ಉಂಗುರ 441 ರೂಪಾಯಿಯಿಂದ ಆ ಗೆರೆ ದಾಟಿತು. ಪತ್ರ ತಪ್ಪಿಸಲೆಂದು 99,000 ಎಂದು ಬರೆಯುವ ಸಲಹೆ ಬರುತ್ತದೆ. ವಿನಾಯಿತಿ ಇದ್ದರೂ ಪತ್ರ ಮಾಡಿಸಿಡಿ ಎಂಬುದು ನಮ್ಮ ಮಾತು, ಏಕೆಂದರೆ ಕ್ಲೇಮಿನ ದಿನ ಉಂಗುರ ಹೇಗಿತ್ತು ಎಂದು ತೋರಿಸಲು ಬೇರೇನೂ ಉಳಿದಿರುವುದಿಲ್ಲ.

ಇನ್ನೊಂದು ಗಂಟು ಕಳ್ಳತನ. ಈ ಪಾಲಿಸಿ ಮೂಲತಃ ಬೆಂಕಿ, ಪ್ರವಾಹ, ಭೂಕಂಪದಂಥ ಆಪತ್ತಿಗೆ. ಅಂಥ ಆಪತ್ತಿನ ಬೆನ್ನಲ್ಲೇ 7 ದಿನದೊಳಗೆ ನಡೆದ ಕಳ್ಳತನಕ್ಕೆ ಮಾತ್ರ ಅಲ್ಲಿ ಜಾಗ. ಬೀಗ ಒಡೆದು ಒಯ್ದದ್ದಕ್ಕೆ ಬರ್ಗ್ಲರಿ ರಕ್ಷಣೆ, ತೊಟ್ಟುಕೊಂಡು ಹೊರಗೆ ಹೋದಾಗ ಕಳೆದದ್ದಕ್ಕೆ ಗೃಹಸ್ಥರ ಪಾಲಿಸಿಯ ‘ಆಲ್ ರಿಸ್ಕ್’ ವಿಭಾಗ ಬೇಕು. ಅಲ್ಲಿಯೂ ಸವೆತ, ದುರಸ್ತಿಯ ವೇಳೆಯ ಹಾನಿ, ಹೇಗೆ ಹೋಯಿತೆಂದೇ ತಿಳಿಯದ ನಷ್ಟ ಇವುಗಳನ್ನು ಹೊರಗಿಟ್ಟಿರುತ್ತಾರೆ. ಷರತ್ತಿನ ಪುಟವನ್ನು ಏಜೆಂಟರಿಂದ ಕೇಳಿ ಪಡೆದು ಓದಿ. ಇಂಥ ಪಾಲಿಸಿಗಳಲ್ಲಿ ಕಡಿಮೆ ಬೆಲೆಗೆ ವಿಮೆ ಮಾಡಿಸಿದ್ದರೆ ಪರಿಹಾರವೂ ಅದೇ ಪಾಲಿನಲ್ಲಿ ಇಳಿಯುವ ಷರತ್ತು ಇರುವುದುಂಟು. ಲಕ್ಷದ ಉಂಗುರವನ್ನು 77 ಸಾವಿರಕ್ಕೆ ಬರೆಸಿದವರು 20 ಸಾವಿರದ ಹಾನಿಗೆ 15,400 ಮಾತ್ರ ಪಡೆಯುತ್ತಾರೆ.

ಬ್ಯಾಂಕಿನ ಲಾಕರಿನಲ್ಲಿದೆ, ವಿಮೆ ಯಾಕೆ ಎನ್ನುವವರು ಇದನ್ನು ಗಮನಿಸಬೇಕು: ಲಾಕರಿನೊಳಗಿನ ವಸ್ತುವಿಗೆ ಬ್ಯಾಂಕ್ ವಿಮೆ ಮಾಡಿಸುವುದಿಲ್ಲ. ಬೆಂಕಿ, ಕಳ್ಳತನ, ಸಿಬ್ಬಂದಿಯ ವಂಚನೆ ನಡೆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ಇದ್ದರೆ ಇಡೀ ಲಾಕರಿಗೆ 2 ಲಕ್ಷ.

ನವೀಕರಣಕ್ಕೆ ತಿಂಗಳ ಮುಂಚೆ ಉಂಗುರವನ್ನು ಮತ್ತೆ ತೂಗಿಸಿ, ಅಂದಿನ ದರದಲ್ಲಿ ಲೆಕ್ಕ ಹೊಸದಾಗಿ ಹಾಕಿಸಿ. ಶುದ್ಧತೆಯ ಪರೀಕ್ಷೆ ಪ್ರತಿ ವರ್ಷ ಬೇಡ, ಬೆಸುಗೆ ಹಾಕಿಸಿದ್ದರೆ ಅಥವಾ ಅಳತೆ ಬದಲಿಸಿದ್ದರೆ ಮಾತ್ರ. ಅದೇ ಹೊತ್ತಿಗೆ ಪತ್ತಾರರ ಕೈಯಲ್ಲಿ ಹರಳಿನ ಕೊಂಡಿಗಳನ್ನು ಬಿಗಿ ಮಾಡಿಸಿ. ವರದಿಯ ಮೂಲ ಪ್ರತಿ ಉಂಗುರ ಇರುವ ಪೆಟ್ಟಿಗೆಯಲ್ಲಿ ಇರಬಾರದು. ಒಂದು ಪ್ರತಿ ಬೇರೆ ಮನೆಯಲ್ಲಿ, ಫೋಟೊಗಳು ಫೋನಿನ ಹೊರಗೂ ಒಂದು ಕಡೆ ಇರಲಿ.